ಕೆರೆಯ ಜೀವಿಗಳ ಗಾತ್ರಪಟ್ಟಿ ಹಾಕುವುದು ಹೇಗೆ: ಬಲೆಯಿಂದ ಗ್ರಾಫಿನವರೆಗೆ

ನಮ್ಮ ಯಾವುದೇ ಮಾಮೂಲಿ ಕೆರೆಯಲ್ಲಿ ರೋಟಿಫರ್ ಎಂಬ ಪ್ರಾಣಿ ಇರುತ್ತದೆ. ಬರಿಗಣ್ಣಿಗೆ ಕಾಣದು. ತೂಕ ಹೆಚ್ಚು ಕಡಿಮೆ ಒಂದು ಮೈಕ್ರೋಗ್ರಾಂ. ಅದೇ ನೀರಿನಲ್ಲಿ ಎರಡು ಕಿಲೊ ತೂಗುವ ಕಾಟ್ಲಾ ಕೂಡ ಈಜುತ್ತಿರುತ್ತದೆ. ಎರಡರ ನಡುವೆ ಇನ್ನೂರು ಕೋಟಿ ಪಟ್ಟು ಅಂತರ. ರೋಟಿಫರಿನ ತೂಕವನ್ನು ದುಪ್ಪಟ್ಟು ಮಾಡುತ್ತಾ ಹೋದರೆ 31ನೇ ಸಲಕ್ಕೆ ಕಾಟ್ಲಾ ಸಿಗುತ್ತದೆ. ಈ 31 ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ಎಷ್ಟು ಪ್ರಾಣಿಗಳಿವೆ, ಒಟ್ಟು ಎಷ್ಟು ತೂಕವಿದೆ ಎಂದು ಬರೆದಿಟ್ಟರೆ ಅದೇ ಗಾತ್ರಪಟ್ಟಿ.

ಇದರಲ್ಲಿ ಒಂದು ಅನುಕೂಲ ಇದೆ. ಜಾತಿ ಗುರುತಿಸಲು ಬರದವರೂ ಈ ಕೆಲಸ ಮಾಡಬಹುದು. ನೀರಿನ ಪುಟಾಣಿ ಪ್ರಾಣಿಗಳಲ್ಲಿ ಡ್ಯಾಫ್ನಿಯಾ ಯಾವುದು, ಮೊಯಿನಾ ಯಾವುದು ಅಂತ ತಲೆ ಕೆಡಿಸಿಕೊಳ್ಳದೆ ಉದ್ದ ಅಳೆದು ತೂಕಕ್ಕೆ ತಿರುಗಿಸಿದರೆ ಸಾಕು. ಬಿ.ಎಸ್ಸಿ. ವಿದ್ಯಾರ್ಥಿಗಳು, ಕೆರೆ ಸಂಘದವರು, ಮೀನುಗಾರಿಕೆ ಸಹಕಾರ ಸಂಘದ ಆಸಕ್ತರು ಯಾರು ಬೇಕಾದರೂ ಮಾಡಬಹುದು. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಲೆಕ್ಕ ಇಲ್ಲಿ ಸುಲಭದ ಭಾಗ. ಗ್ರಾಫಿನಲ್ಲಿ ಕಂಡ ಆಕಾರದಲ್ಲಿ ಕೆರೆಯ ಪಾಲೆಷ್ಟು, ನಿಮ್ಮ ಬಲೆಯ ಪಾಲೆಷ್ಟು ಅಂತ ಬಿಡಿಸುವುದೇ ಕಷ್ಟದ ಭಾಗ. ಈ ಮಾರ್ಗದರ್ಶಿಯ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತದೆ.

ಕೆರೆಗೆ ಇಳಿಯುವ ಮೊದಲು: ಯಾಕೆ ಗಾತ್ರ?

ನೀರಿನಲ್ಲಿ ತಿನ್ನುವವನು ಸಾಮಾನ್ಯವಾಗಿ ತಿನ್ನಿಸಿಕೊಳ್ಳುವವನಿಗಿಂತ ಬಹಳ ದೊಡ್ಡವನು. ಯಾರು ಯಾರನ್ನು ತಿನ್ನಬಹುದು ಎಂಬುದನ್ನು ಬಹುಪಾಲು ಬಾಯಿಯ ಅಗಲ ನಿರ್ಧರಿಸುತ್ತದೆ. ಕೊರಮ ಮೀನನ್ನೇ ನೋಡಿ. ಪುಟ್ಟ ಮರಿಯಾಗಿದ್ದಾಗ ಪ್ಲವಕ (ನೀರಿನಲ್ಲಿ ತೇಲಾಡುವ ಪುಟಾಣಿ ಜೀವಿಗಳು) ತಿನ್ನುತ್ತದೆ, ಸ್ವಲ್ಪ ಬೆಳೆದ ಮೇಲೆ ನೀರಿನ ಹುಳು, ದೊಡ್ಡದಾದ ಮೇಲೆ ಬೇರೆ ಮೀನು. ಜಾತಿ ಒಂದೇ, ಕಸುಬು ಮೂರು. ಹಾಗಾಗಿ ಕೆರೆಯ ಆಹಾರ ಸರಪಳಿ ಅರ್ಥವಾಗಬೇಕಾದರೆ ಜಾತಿಯ ಹೆಸರಿಗಿಂತ ತೂಕವೇ ಎಷ್ಟೋ ಸಲ ಜಾಸ್ತಿ ಹೇಳುತ್ತದೆ.

1972ರಲ್ಲಿ ಶೆಲ್ಡನ್, ಪ್ರಕಾಶ್ ಮತ್ತು ಸಟ್‌ಕ್ಲಿಫ್ ಎಂಬ ಮೂವರು ಸಮುದ್ರದ ನೀರಿನ ಕಣಗಳನ್ನು ಕೋಲ್ಟರ್ ಕೌಂಟರ್ ಯಂತ್ರದಲ್ಲಿ ಎಣಿಸಿ ಒಂದು ವಿಚಿತ್ರ ಕಂಡರು. ಗಾತ್ರವನ್ನು ದುಪ್ಪಟ್ಟು ದುಪ್ಪಟ್ಟಾಗಿ ಖಾನೆ ಮಾಡಿದರೆ ಪ್ರತಿ ಖಾನೆಯಲ್ಲೂ ಜೀವಿಗಳ ಒಟ್ಟು ತೂಕ ಹೆಚ್ಚು ಕಡಿಮೆ ಒಂದೇ! ಬ್ಯಾಕ್ಟೀರಿಯಾದಿಂದ ತಿಮಿಂಗಿಲದವರೆಗೂ ಹೀಗೇ ಇರಬಹುದು ಅಂದರು. ತೂಕ ಹತ್ತು ಪಟ್ಟಾದರೆ ಸಂಖ್ಯೆ ಹತ್ತನೇ ಒಂದಾಗುತ್ತದೆ ಎಂಬುದು ಇದರ ಇನ್ನೊಂದು ರೂಪ.

ಇದಕ್ಕೆ ಲೆಕ್ಕಾಚಾರದ ಕಾರಣವೂ ಇದೆ. ದೊಡ್ಡ ಮೈಗೆ ಗ್ರಾಂ ಲೆಕ್ಕದಲ್ಲಿ ಊಟ ಕಡಿಮೆ ಸಾಕು. ಆದರೆ ಒಂದು ಪ್ರಾಣಿಗೆ ಬೇಕಾದ ಒಟ್ಟು ಊಟ ತೂಕದ ಮುಕ್ಕಾಲನೇ ಘಾತದಷ್ಟು ಏರುತ್ತದೆ. ಎಲ್ಲರಿಗೂ ಒಂದೇ ಊಟ ಹಂಚಿಕೆಯಾದರೆ ಸಂಖ್ಯೆ ಅದೇ ಮುಕ್ಕಾಲರ ಲೆಕ್ಕದಲ್ಲಿ ಇಳಿಯಬೇಕು. ಆದರೆ ಸರಪಳಿಯ ಪ್ರತಿ ಮೆಟ್ಟಿಲಿಗೂ ಆಹಾರದ ಹತ್ತನೇ ಒಂದು ಪಾಲು ಮಾತ್ರ ದಾಟುತ್ತದೆ ಅನ್ನಿ. ತಿನ್ನುವವನು ತಿನ್ನಿಸಿಕೊಳ್ಳುವವನಿಗಿಂತ ಹತ್ತು ಸಾವಿರ ಪಟ್ಟು ಭಾರ ಅನ್ನಿ. ಹತ್ತನೇ ಒಂದರ ಲಾಗ್ (ಅಂದರೆ ಹತ್ತರ ಎಷ್ಟನೇ ಘಾತ ಎಂಬುದು) −1, ಹತ್ತು ಸಾವಿರದ ಲಾಗ್ 4. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ −¼. ಅಲ್ಲಿಗೆ ಇನ್ನೂ ಕಾಲು ಭಾಗ ಇಳಿಯಿತು. ಮುಕ್ಕಾಲು, ಕಾಲು ಸೇರಿ ಒಂದು. ತೂಕದ ಲಾಗ್ ಅಡ್ಡಕ್ಕೆ, ಸಂಖ್ಯೆಯ ಲಾಗ್ ಉದ್ದಕ್ಕೆ ಹಾಕಿದರೆ ಬರುವ ಗೆರೆಯ ಇಳಿಜಾರು −1.

ಇದು ಸಮುದ್ರಕ್ಕೆ ಹೇಳಿದ ಮಾತು. ಕೆರೆ ಸಣ್ಣದು, ಆಳವಿಲ್ಲ, ಬೇಸಿಗೆಯಲ್ಲಿ ಬತ್ತುತ್ತದೆ, ಮೇಲಾಗಿ ನಾವೇ ಮೀನು ಬಿಡುತ್ತೇವೆ, ನಾವೇ ಹಿಡಿಯುತ್ತೇವೆ. ಆದ್ದರಿಂದ ಇಲ್ಲಿ ನೇರ ಗೆರೆ ಬರಬೇಕಂತ ಕಾಯಬೇಡಿ. ಗೆರೆಯಿಂದ ಎಲ್ಲಿ ಗುಡ್ಡ ಎದ್ದಿದೆ, ಎಲ್ಲಿ ಹಳ್ಳ ಬಿದ್ದಿದೆ ಅನ್ನುವುದೇ ನಮಗೆ ಬೇಕಾದ ಸುದ್ದಿ.

ಹಂತ 1: ಪ್ರಶ್ನೆ ಒಂದೇ ಇರಲಿ

"ನಮ್ಮ ಕೆರೆ ಹೇಗಿದೆ" ಎಂಬುದು ಪ್ರಶ್ನೆಯಲ್ಲ. "ಮೀನು ಮರಿ ಬಿಡುವ ಮೊದಲು ಮತ್ತು ಬಿಟ್ಟ ಮೇಲೆ ಪ್ಲವಕದ ಗಾತ್ರ ಬದಲಾಗುತ್ತದಾ?" ಎಂಬುದು ಪ್ರಶ್ನೆ. "ಮೀನಿರುವ ಕೆರೆಗೂ, ಪಕ್ಕದ ಮೀನಿಲ್ಲದ ಹೊಂಡಕ್ಕೂ ಏನು ವ್ಯತ್ಯಾಸ?" ಇದೂ ಒಳ್ಳೆಯದೇ. ಯಾವಾಗಲೂ ಹೋಲಿಸಲು ಇನ್ನೊಂದು ಇರಲಿ. ಒಂದು ಕೆರೆಯ ಒಂದು ದಿನದ ಗ್ರಾಫ್ ಬಹಳ ಏನನ್ನೂ ಹೇಳದು.

ಈ ಬಗೆಯ ಪ್ರಶ್ನೆಗೆ ದಾರಿ ಹಾಕಿದ ಕೆಲಸ ಅಮೆರಿಕದ ಕನೆಕ್ಟಿಕಟ್ ರಾಜ್ಯದ್ದು. ಅಲ್ಲಿನ ಕ್ರಿಸ್ಟಲ್ ಲೇಕ್‌ನಲ್ಲಿ 1942ರಲ್ಲಿ ತೆಗೆದ ಪ್ಲವಕದ ಮಾದರಿ ಇತ್ತು. ಆಮೇಲೆ ಆ ಸರೋವರಕ್ಕೆ ಹೆರಿಂಗ್ ಜಾತಿಗೆ ಸೇರಿದ, ಪ್ಲವಕ ತಿನ್ನುವ ಮೀನು ಬಂತು. 1964ರಲ್ಲಿ ಮತ್ತೆ ಮಾದರಿ ತೆಗೆದು ಬ್ರೂಕ್ಸ್ ಮತ್ತು ಡಾಡ್ಸನ್ ಹೋಲಿಸಿದರು. ಮೊದಲು ಅಲ್ಲಿ ದೊಡ್ಡ ಡ್ಯಾಫ್ನಿಯಾ ಇದ್ದವು. ಆಮೇಲೆ ಪುಟಾಣಿ ಬಾಸ್ಮಿನಾಗಳದ್ದೇ ರಾಜ್ಯ. ಅತಿ ಹೆಚ್ಚು ಕಾಣುವ ಉದ್ದ ಸುಮಾರು 0.78 ಮಿ.ಮೀ.ನಿಂದ 0.28 ಮಿ.ಮೀ.ಗೆ ಇಳಿದಿತ್ತು. ಮೀನು ಕಣ್ಣಿನಿಂದ ಹುಡುಕಿ ದೊಡ್ಡದನ್ನೇ ಹೆಕ್ಕುತ್ತದೆ. ದೊಡ್ಡವು ಹೋದ ಮೇಲೆ ಸಣ್ಣವಕ್ಕೆ ಜಾಗ ಸಿಗುತ್ತದೆ. 1965ರಲ್ಲಿ ಬಂದ ಆ ಪ್ರಬಂಧದ ತಿರುಳು ಇಷ್ಟೇ. ಹಳೆಯ ಬಾಟಲಿಯೊಂದನ್ನು ಯಾರೋ ಜೋಪಾನ ಮಾಡಿದ್ದರಿಂದ ಇದೆಲ್ಲ ಸಾಧ್ಯವಾಯಿತು ಎಂಬುದನ್ನೂ ಗಮನಿಸಿ.

ನಮ್ಮಲ್ಲಿ ಕಾಟ್ಲಾ ಇದೇ ಕೆಲಸ ಮಾಡುತ್ತದೆ. ಅದು ಮೇಲ್ನೀರಿನಲ್ಲಿ ಪ್ಲವಕ ತಿನ್ನುವ ಮೀನು. ಸೊಳ್ಳೆ ತಡೆಯಲು ಬಿಡುವ ಗಂಬೂಸಿಯಾ ಇನ್ನೂ ಜೋರು. 1972ರಲ್ಲಿ ಕೊಳಗಳಲ್ಲಿ ನಡೆಸಿದ ಒಂದು ಹೆಸರಾಂತ ಪ್ರಯೋಗದಲ್ಲಿ ಗಂಬೂಸಿಯಾ ಬಿಟ್ಟ ಮೇಲೆ ಪುಟ್ಟ ಪ್ರಾಣಿಗಳು ಕುಸಿದು ನೀರು ಪಾಚಿಯಿಂದ ಹಸಿರಾಯಿತು.

ಅನುಮತಿಯ ವಿಷಯ ಮರೆಯಬೇಡಿ. ಕೆರೆಯ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಗ್ರಾಮ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಗುತ್ತಿಗೆದಾರರ ಹತ್ತಿರ ಬಾಯಿಬಿಟ್ಟು ಮಾತಾಡಿ. ಅವರ ಸ್ನೇಹ ಇದ್ದರೆ ಅರ್ಧ ಕೆಲಸ ಆದಂತೆ.

ಹಂತ 2: ಸಾಮಾನು

ದುಬಾರಿ ಸಾಮಾನು ಒಂದೇ, ಸೂಕ್ಷ್ಮದರ್ಶಕ. ಕಾಲೇಜಿನದ್ದು ಸಾಕು. ಅದರ ಕಣ್ಣುಗಾಜಿಗೆ ಹಾಕುವ ಅಳತೆಗೆರೆಯ ಗಾಜು, ಅದನ್ನು ಸರಿಹೊಂದಿಸಲು ಸ್ಟೇಜ್ ಮೈಕ್ರೋಮೀಟರ್, ಎಣಿಸಲು ಸೆಡ್ಜ್‌ವಿಕ್ ರಾಫ್ಟರ್ ಸೆಲ್ (50×20×1 ಮಿ.ಮೀ., ಅಂದರೆ ಸರಿಯಾಗಿ 1 ಮಿ.ಲೀ. ಹಿಡಿಯುವ ಗಾಜಿನ ತಟ್ಟೆ) ಬೇಕು. 60 ಮೈಕ್ರಾನ್ ಕಣ್ಣಿನ ನೈಲಾನ್ ಬಟ್ಟೆಯ ಪ್ಲವಕ ಬಲೆ, 5 ಸೆಂ.ಮೀ. ಒಳವ್ಯಾಸದ ಎರಡು ಮೀಟರ್ ಪಿವಿಸಿ ಪೈಪು, ತಳ ಕತ್ತರಿಸಿದ ನೀಲಿ ಡ್ರಮ್, ಟೀ ಸೋಸುವಂಥ ಜಾಲರಿಯ ಕೈಬಲೆ, ಬಿಳಿ ಟ್ರೇ, ಡಿಜಿಟಲ್ ತಕ್ಕಡಿ, ಅಳತೆಪಟ್ಟಿ ಅಂಟಿಸಿದ ಹಲಗೆ ಇಷ್ಟಿದ್ದರೆ ಆಯಿತು.

ಕೆರೆಗೆ ಒಬ್ಬರೇ ಇಳಿಯಬೇಡಿ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಎಲ್ಲಿರುತ್ತವೆ ಅಂತ ಗೊತ್ತಾಗುವುದಿಲ್ಲ. ದಡದ ಹತ್ತಿರ ಮೊಣಕಾಲಿನಷ್ಟಿದ್ದ ನೀರು ಮುಂದಿನ ಹೆಜ್ಜೆಗೆ ಆಳುದ್ದ ಆಗಬಹುದು. ಊರಿನ ಮೀನುಗಾರರ ತೆಪ್ಪವೇ ವಾಸಿ.

ಹಂತ 3: ಪ್ಲವಕ ತೆಗೆಯುವುದು

ಬಕೆಟ್ಟಿನಲ್ಲಿ ಮೇಲಿನ ನೀರು ಮೊಗೆದು ಸೋಸುವುದು ಎಲ್ಲರೂ ಮಾಡುವ ರೀತಿ. ಅದರಲ್ಲಿ ಎರಡು ತೊಂದರೆ. ದೊಡ್ಡ ಪ್ಲವಕ ಹಗಲು ತಳಕ್ಕೆ ಇಳಿದು, ಕತ್ತಲಾದ ಮೇಲೆ ಮೇಲೆ ಬರುತ್ತವೆ. ಹಗಲು ಹತ್ತಕ್ಕೆ ಮೇಲ್ನೀರು ತೆಗೆದರೆ ಇವು ಸಿಗುವುದಿಲ್ಲ. ಎರಡನೆಯದು, ಪ್ಲವಕದಲ್ಲೇ ಒಂದು ಗುಂಪಾದ ಕೋಪೆಪಾಡ್‌ಗಳಿಗೆ ನೀರು ಅಲುಗಿದ್ದು ಗೊತ್ತಾಗುತ್ತದೆ, ಬಕೆಟ್ ಬಾಯಿಂದ ಜಿಗಿದು ತಪ್ಪಿಸಿಕೊಳ್ಳುತ್ತವೆ. ಎರಡರಲ್ಲೂ ತಪ್ಪುವುದು ದೊಡ್ಡವೇ. ಅಂದರೆ ಬಕೆಟ್ಟೇ ನಿಮ್ಮ ಕೆರೆಯ ಪ್ಲವಕವನ್ನು ಸಣ್ಣದು ಮಾಡಿ ತೋರಿಸುತ್ತದೆ.

ಪೈಪು ಇದಕ್ಕೆ ಒಳ್ಳೆಯ ಉಪಾಯ. ನೆಟ್ಟಗೆ, ತಳದ ಕೆಸರು ಕಲಕದ ಹಾಗೆ ಇಳಿಸಿ. ಮೇಲಿನ ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಎತ್ತುವಾಗ ನೀರಿನಿಂದ ಹೊರಬರುವ ಮೊದಲು ಕೆಳಗಿನ ಬಾಯಿಗೂ ಕೈ ಅಡ್ಡ ಹಿಡಿಯಿರಿ. 5 ಸೆಂ.ಮೀ. ಪೈಪಿನಲ್ಲಿ ಪ್ರತಿ ಮೀಟರಿಗೆ ಸುಮಾರು 1.96 ಲೀಟರ್ ನೀರು ಬರುತ್ತದೆ. ಕೆರೆಯ ಬೇರೆ ಬೇರೆ ಕಡೆ, ಅಂದರೆ ತೂಬಿನ ಹತ್ತಿರ, ನಡುವೆ, ಜೊಂಡಿನ ಅಂಚಿನಲ್ಲಿ, ನೀರು ಒಳಬರುವ ಕಡೆ ತೆಗೆದು ಒಟ್ಟು 50 ಲೀಟರಿನಷ್ಟು ಸೋಸಿ. ಸೂರ್ಯ ಮುಳುಗಿ ಒಂದು ಗಂಟೆಯ ನಂತರ ತೆಗೆಯಲು ಆದರೆ ಬಹಳ ಒಳ್ಳೆಯದು. ಆಗದಿದ್ದರೆ ಹಗಲೇ ತೆಗೆಯಿರಿ, ಆದರೆ ಪ್ರತಿ ಸಲವೂ ಅದೇ ಹೊತ್ತಿಗೆ. ನೀರು ಪಾಚಿಯಿಂದ ಹಸಿರಾಗಿದ್ದರೆ ಬಲೆ ಕಟ್ಟಿಕೊಳ್ಳುತ್ತದೆ. ಆಗ ಕಡಿಮೆ ಸೋಸಿ, ಎಷ್ಟು ಸೋಸಿದಿರಿ ಅಂತ ಬರೆದುಕೊಳ್ಳಿ.

60 ಮೈಕ್ರಾನ್ ಬಲೆಯಲ್ಲಿ ಪುಟಾಣಿ ರೋಟಿಫರ್‌ಗಳು ನುಸುಳಿ ಹೋಗುತ್ತವೆ. ಅವೂ ಬೇಕಿದ್ದರೆ ಒಂದು ಲೀಟರ್ ನೀರನ್ನು ಸೋಸದೆ ಲುಗಾಲ್ ದ್ರಾವಣ (ಅಯೋಡಿನ್ ದ್ರಾವಣ) ಹಾಕಿ ಎರಡು ದಿನ ಅಲುಗಾಡಿಸದೆ ಇಟ್ಟು, ತಳಕ್ಕೆ ಕೂತದ್ದನ್ನು ನೋಡಿ. ಬೇಡವೆಂದರೆ ಪಟ್ಟಿಯನ್ನು ಸ್ವಲ್ಪ ಮೇಲಿನ ಗಾತ್ರದಿಂದ ಶುರು ಮಾಡಿ. ನುಸುಳಿ ಹೋದ ಗಾತ್ರವನ್ನು "ಕೆರೆಯಲ್ಲಿ ಕಡಿಮೆ" ಅಂತ ಮಾತ್ರ ಬರೆಯಬೇಡಿ.

ಸೋಸಿದ್ದನ್ನು 50 ಮಿ.ಲೀ. ಬಾಟಲಿಗೆ ಇಳಿಸಿ. ಮೊದಲು ಒಂದಿಷ್ಟು ಸೋಡಾ ನೀರು ಹಾಕಿ. ಪ್ರಾಣಿಗಳು ಮಂಕಾಗಿ, ಮುದುಡದೆ ಸಾಯುತ್ತವೆ. ಆಮೇಲೆ ಅಂಗಡಿಯ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು ಆಗುವಂತೆ ಸೇರಿಸಿ. ಫಾರ್ಮಲಿನ್‌ಗೆ ನೀರು ಬೆರೆಸಿದ ಮೇಲಿನ ಲೆಕ್ಕದಲ್ಲಿ ಲೀಟರಿಗೆ 40 ಗ್ರಾಂ ಸಕ್ಕರೆ ಕರಗಿಸಿಕೊಳ್ಳಿ. ಸುಮ್ನೆ ಹೇಳುತ್ತಿಲ್ಲ. ಸಕ್ಕರೆ ಇಲ್ಲದಿದ್ದರೆ ಡ್ಯಾಫ್ನಿಯಾದಂಥವುಗಳ ಚಿಪ್ಪು ಉಬ್ಬಿ ಮೊಟ್ಟೆ ಉದುರಿಹೋಗುತ್ತವೆ, ಅಳತೆಯೇ ಕೆಡುತ್ತದೆ. ಫಾರ್ಮಲಿನ್ ಕ್ಯಾನ್ಸರ್ ತರುವ ವಿಷ. ಕೈಗವಸು ಹಾಕಿ, ಗಾಳಿ ಆಡುವ ಕಡೆ ಬಳಸಿ, ಕೆರೆಗೆ ಸುರಿಯಬೇಡಿ. ಮಕ್ಕಳ ಜೊತೆ ಕೆಲಸ ಮಾಡುವುದಿದ್ದರೆ 70% ಆಲ್ಕೋಹಾಲ್ ಬಳಸಿ.

ಹಂತ 4: ನಡುವಿನ ಗಾತ್ರದವು

ಪ್ಲವಕದವರು ಪ್ಲವಕ ನೋಡುತ್ತಾರೆ, ಮೀನಿನವರು ಮೀನು ನೋಡುತ್ತಾರೆ. ಒಂದು ಮಿಲಿಗ್ರಾಂನಿಂದ ಒಂದು ಗ್ರಾಂವರೆಗಿನ ಪ್ರಾಣಿಗಳನ್ನು ಯಾರೂ ಕೇಳುವುದಿಲ್ಲ. ಹೀಗಾಗಿ ಎಷ್ಟೋ ಗಾತ್ರಪಟ್ಟಿಗಳಲ್ಲಿ ನಡುವೆ ದೊಡ್ಡ ಖಾಲಿ ಜಾಗ ಕಾಣುತ್ತದೆ. ಕೆರೆಯಲ್ಲಿ ಆ ಖಾಲಿ ಇರುವುದಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಬೆನ್ನಮೇಲೆ ಈಜುವ ತಿಗಣೆಗಳು, ನೀರುಜೀರುಂಡೆ, ಕೆಸರಿನ ಕೆಂಪು ಹುಳು, ಬಸವನಹುಳು, ಸಿಗಡಿ, ಗೊದಮೊಟ್ಟೆ ಎಲ್ಲ ಅಲ್ಲೇ ಇರುತ್ತವೆ.

ಕೈಬಲೆ ಬೀಸಿದರೆ ಪ್ರಾಣಿ ಸಿಗುತ್ತವೆ, ಆದರೆ ಎಷ್ಟು ಜಾಗದ್ದು ಅಂತ ಹೇಳಲಾಗದು. ಅದಕ್ಕೇ ತಳವಿಲ್ಲದ ಡ್ರಮ್. 50 ಸೆಂ.ಮೀ. ಅಗಲದ ಡ್ರಮ್ಮನ್ನು ಮೊಣಕಾಲು ನೀರಿನಲ್ಲಿ ಥಟ್ಟನೆ ಕೆಸರಿಗೆ ಒತ್ತಿ. ಒಳಗೆ ಸಿಕ್ಕಿಬಿದ್ದವು ಹೊರಗೆ ಹೋಗಲಾರವು. ಕೈಬಲೆಯಿಂದ ಸತತ ಹತ್ತು ಸಲ ಏನೂ ಬಾರದಷ್ಟು ಬಾಚಿ ತೆಗೆಯಿರಿ. ಮೇಲಿನ ಎರಡು ಬೆರಳಿನಷ್ಟು ಕೆಸರನ್ನೂ ತೆಗೆದು ಅರ್ಧ ಮಿ.ಮೀ. ಜರಡಿಯಲ್ಲಿ ತೊಳೆಯಿರಿ. ಒಂದು ಡ್ರಮ್ಮಿಗೆ ಸುಮಾರು 0.2 ಚದರ ಮೀಟರ್, ಐದು ಕಡೆ ಒತ್ತಿದರೆ ಒಂದು ಚದರ ಮೀಟರ್. ಜೊಂಡು ಇರುವ ಕಡೆ, ಇಲ್ಲದ ಕಡೆ ಎರಡರಲ್ಲೂ ಒತ್ತಿ. ಕೆರೆಯಲ್ಲಿ ಜೊಂಡಿನ ಪಾಲು ಎಷ್ಟಿದೆಯೋ ನೋಡಿಕೊಂಡು ಎರಡರ ಸರಾಸರಿ ತೆಗೆಯಿರಿ.

ಸಿಕ್ಕಿದ್ದನ್ನೆಲ್ಲ ಬಿಳಿ ಟ್ರೇಗೆ ಹಾಕಿ ಅಳತೆಪಟ್ಟಿ ಪಕ್ಕದಲ್ಲಿಟ್ಟು ಮೊಬೈಲ್‌ನಲ್ಲಿ ನೇರ ಮೇಲಿಂದ ಫೋಟೊ ತೆಗೆಯಿರಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಮನೆಗೆ ಹೋಗಿ ಉದ್ದ ಅಳೆಯಬಹುದು. ಪ್ರಾಣಿಗಳನ್ನು ಅಲ್ಲೇ ನೀರಿಗೆ ಬಿಟ್ಟುಬಿಡಿ.

ಹಂತ 5: ಮೀನು

ಬಲೆಯ ಕಣ್ಣಿಗೆ ಒಂದು ಸ್ವಭಾವ ಇದೆ. ಕಂತುಬಲೆಯಲ್ಲಿ ಕಣ್ಣಿಗಿಂತ ಸಣ್ಣ ಮೀನು ದಾಟಿ ಹೋಗುತ್ತದೆ, ಬಹಳ ದೊಡ್ಡದು ತಲೆ ತೂರಿಸಲಾಗದೆ ಹಿಂದೆ ಸರಿಯುತ್ತದೆ. ಸಿಗುವುದು ನಡುವಿನದ್ದು ಮಾತ್ರ. ಒಂದೇ ಕಣ್ಣಿನ ಬಲೆಯಿಂದ ಬಂದ ಮೀನುಗಳ ಗ್ರಾಫ್ ಹಾಕಿದರೆ ಅಂದವಾದ ಗುಡ್ಡ ಬರುತ್ತದೆ. ಅದು ಬಲೆಯ ಗುಡ್ಡ. ಇದಕ್ಕಾಗಿಯೇ ಯುರೋಪಿನ ಸರೋವರಗಳಲ್ಲಿ ನಾರ್ಡಿಕ್ ಬಲೆ ಬಳಸುತ್ತಾರೆ. ಒಂದೇ ಬಲೆಯಲ್ಲಿ 5 ಮಿ.ಮೀ.ನಿಂದ 55 ಮಿ.ಮೀ.ವರೆಗೆ 12 ಬಗೆಯ ಕಣ್ಣು, ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು 1.25 ಪಟ್ಟು. ಅಂಥದ್ದು ನಮ್ಮಲ್ಲಿ ಕೊಳ್ಳುವುದು ಕಷ್ಟ. ಆದರೆ ಅದರ ಯೋಚನೆಯನ್ನು ತೆಗೆದುಕೊಳ್ಳಬಹುದು. ಮೀನುಗಾರರ ಹತ್ತಿರ ಇರುವ ನಾಲ್ಕೈದು ಬಗೆ ಕಣ್ಣಿನ ಬಲೆಗಳನ್ನು ಒಂದೇ ಉದ್ದಕ್ಕೆ, ಒಂದೇ ಹೊತ್ತಿಗೆ ಹಾಕಿಸಿ.

ಎಲ್ಲಕ್ಕಿಂತ ಒಳ್ಳೆಯ ಅವಕಾಶ ಬೇಸಿಗೆಯಲ್ಲಿ ನೀರು ಇಳಿದು ಎಳೆಬಲೆ ಹಾಕುವ ದಿನ. ಆ ದಿನ ಮಾರಾಟದ ಮೀನನ್ನು ಬೇರೆಯವರೇ ತೂಕ ಹಾಕುತ್ತಾರೆ. ನೀವು ಮಾರಾಟವಾಗದ್ದನ್ನು ನೋಡಿ. ಸಾಸಲು, ಪುಟ್ಟ ಗೆಂಡೆ, ಜಿಲೇಬಿ (ತಿಲಾಪಿಯಾ) ಮರಿ, ಬಲೆಯ ಮೂಲೆಯಲ್ಲಿ ಸಿಕ್ಕಿಬಿದ್ದ ಚೂರುಪಾರು. ದೊಡ್ಡದು ನೂರು ಇದ್ದರೆ ಇವು ಹತ್ತು ಸಾವಿರ ಇರಬಹುದು. ಎಲ್ಲವನ್ನೂ ಅಳೆಯಲಾಗದು. ಒಟ್ಟು ರಾಶಿಯನ್ನು ತೂಗಿ, ಚೆನ್ನಾಗಿ ಕಲಸಿ, ಒಂದು ಮಗ್ಗಿನಷ್ಟು ತೆಗೆದು ಅದನ್ನು ತೂಗಿ, ಅದರಲ್ಲಿರುವ ಪ್ರತಿಯೊಂದನ್ನೂ ಅಳೆಯಿರಿ. ರಾಶಿ ಮಗ್ಗಿನ ಎಷ್ಟು ಪಟ್ಟು ಅಂತ ನೋಡಿ ಅಷ್ಟರಿಂದ ಗುಣಿಸಿ.

ಎರಡು ಮೂರು ಸೆಂ.ಮೀ. ಮೀನುಗಳಿಗೆ ಯಾವ ಬಲೆಯೂ ಸರಿಯಿಲ್ಲ. ಅವಕ್ಕೆ ಹಂತ 4ರ ಡ್ರಮ್ಮೇ ಗತಿ. ಕೂಳಿ ಇಟ್ಟರೂ ಸಿಗುತ್ತವೆ, ಆದರೆ ಎಷ್ಟು ಜಾಗದ ಮೀನು ಅಂತ ತಿಳಿಯದು. ಹೀಗಾಗಿ ಕೂಳಿಯಿಂದ ಬಂದದ್ದನ್ನು ಪಟ್ಟಿಗೆ ಸೇರಿಸಬೇಡಿ.

ಹಂತ 6: ಉದ್ದದಿಂದ ತೂಕಕ್ಕೆ

ಸೂಕ್ಷ್ಮದರ್ಶಕದ ಅಳತೆಗೆರೆಯನ್ನು ಮೊದಲು ಸರಿಹೊಂದಿಸಿ. ಸ್ಟೇಜ್ ಮೈಕ್ರೋಮೀಟರಿನ ಒಂದು ಮಿ.ಮೀ.ನಲ್ಲಿ ನೂರು ಗೆರೆ, ಒಂದೊಂದೂ 10 ಮೈಕ್ರಾನ್. ನಿಮ್ಮ ಕಣ್ಣುಗಾಜಿನ ಎಷ್ಟು ಗೆರೆ ಅದಕ್ಕೆ ಸಮ ಅಂತ ಪ್ರತಿ ಮಸೂರಕ್ಕೂ ಬರೆದಿಡಿ.

ಬಾಟಲಿ ಮೆಲ್ಲಗೆ ಅಲುಗಾಡಿಸಿ 1 ಮಿ.ಲೀ. ತೆಗೆದು ಸೆಲ್‌ಗೆ ಹಾಕಿ. ಒಂದು ಮೂಲೆಯಿಂದ ಶುರುಮಾಡಿ ಎದುರಿಗೆ ಬಂದದ್ದನ್ನೆಲ್ಲ ಅಳೆಯಿರಿ. ಚೆಂದದ್ದನ್ನು, ದೊಡ್ಡದನ್ನು ಹುಡುಕಿ ಅಳೆಯುವ ಆಸೆ ಬರುತ್ತದೆ, ಬಿಡಿ. ಡ್ಯಾಫ್ನಿಯಾದಂಥವಕ್ಕೆ ತಲೆಯಿಂದ ಬಾಲಮುಳ್ಳಿನ ಬುಡದವರೆಗೆ, ಮುಳ್ಳು ಸೇರಿಸಬೇಡಿ. ಕೋಪೆಪಾಡ್‌ಗೆ ಬಾಲದ ಕವಲಿನ ತುದಿಯವರೆಗೆ, ಕೂದಲು ಬಿಟ್ಟು. ಒಟ್ಟು ಮುನ್ನೂರಾದರೂ ಆಗಲಿ.

ತೂಕದ ಸೂತ್ರ ಎಲ್ಲಕ್ಕೂ ಒಂದೇ ನಮೂನೆ: ತೂಕ = a × (ಉದ್ದ) ಘಾತ b. ಮೀನಿಗೆ b ಸುಮಾರು 3. ಉದ್ದ ದುಪ್ಪಟ್ಟಾದರೆ ತೂಕ ಎಂಟು ಪಟ್ಟು. ಸೆಂ.ಮೀ. ಮತ್ತು ಗ್ರಾಂ ಲೆಕ್ಕದಲ್ಲಿ ಸಾಮಾನ್ಯ ಆಕಾರದ ಮೀನಿಗೆ a ಸುಮಾರು 0.01. ಅಂದರೆ 20 ಸೆಂ.ಮೀ. ಮೀನು 80 ಗ್ರಾಂ, 40 ಸೆಂ.ಮೀ. ಮೀನು 640 ಗ್ರಾಂ. ಕಾಟ್ಲಾ ದಪ್ಪ ಮೈಯದು, ಅದಕ್ಕೆ ಜಾಸ್ತಿ ಬರುತ್ತದೆ. ಜಾತಿವಾರು ಅಂಕಿಗಳು ಫಿಶ್‌ಬೇಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದರೂ ನಿಮ್ಮದೇ ಕೆರೆಯ ಮೂವತ್ತು ನಲವತ್ತು ಮೀನನ್ನು ಉದ್ದವೂ ಅಳೆದು ತೂಗಿಯೂ ನೋಡಿ ತಾಳೆ ಹಾಕಿ.

ಪ್ಲವಕಕ್ಕೂ ಇಂಥ ಸೂತ್ರಗಳಿವೆ. ಒಂದು ಮಿ.ಮೀ. ಉದ್ದದ ಕೋಪೆಪಾಡ್ ಒಣ ತೂಕದಲ್ಲಿ ಸುಮಾರು 7 ಮೈಕ್ರೋಗ್ರಾಂ ಬರುತ್ತದೆ. ಇಲ್ಲೇ ಒಂದು ಹೊಂಡ ಇದೆ, ಹುಷಾರು. ಪ್ಲವಕದ ಸೂತ್ರಗಳು ಒಣ ತೂಕ ಕೊಡುತ್ತವೆ, ಮೀನಿನವು ಹಸಿ ತೂಕ. ಎರಡನ್ನೂ ಹಾಗೇ ಒಂದೇ ಗ್ರಾಫಿಗೆ ಹಾಕಿದರೆ ಗೆರೆ ನಡುವೆ ಮುರಿಯುತ್ತದೆ. ಪ್ಲವಕದ ಒಣ ತೂಕವನ್ನು ಹತ್ತರಿಂದ ಗುಣಿಸಿ ಹಸಿ ಮಾಡಿಕೊಳ್ಳಿ. ಒರಟು ಲೆಕ್ಕವೇ, ಆದರೆ ಇಷ್ಟು ವಿಶಾಲ ಅಳತೆಗೆ ಸಾಕು.

ಹಂತ 7: ಎಲ್ಲವನ್ನೂ ಒಂದೇ ಮಾನಕ್ಕೆ

ಪ್ಲವಕ ಲೀಟರಿಗೆ, ಹುಳು ಚದರ ಮೀಟರಿಗೆ, ಮೀನು ಹೆಕ್ಟೇರಿಗೆ ಅಂತ ಇರುತ್ತದೆ. ಎಲ್ಲವನ್ನೂ ಚದರ ಮೀಟರಿಗೆ ತನ್ನಿ. 50 ಲೀಟರ್ ಸೋಸಿ 50 ಮಿ.ಲೀ. ಮಾಡಿದಿರಿ, 1 ಮಿ.ಲೀ.ನಲ್ಲಿ 40 ಪ್ರಾಣಿ ಸಿಕ್ಕವು ಅನ್ನಿ. ಬಾಟಲಿಯಲ್ಲಿ 2000. ಅಂದರೆ ಲೀಟರಿಗೆ 40. ಕೆರೆ ಎರಡು ಮೀಟರ್ ಆಳ ಇದ್ದರೆ ಒಂದು ಚದರ ಮೀಟರ್ ನೀರಿನ ಕೆಳಗೆ 2000 ಲೀಟರ್, ಹಾಗಾಗಿ 80,000 ಪ್ರಾಣಿ. ಮೀನಿನ ಹೆಕ್ಟೇರ್ ಲೆಕ್ಕವನ್ನು 10,000ದಿಂದ ಭಾಗಿಸಿ. ಆಳ ಅಳೆಯದೆ ಇದ್ಯಾವುದೂ ಆಗುವುದಿಲ್ಲ. ಕಲ್ಲು ಕಟ್ಟಿದ ಹಗ್ಗ ಇಳಿಸಿ ಹತ್ತಿಪ್ಪತ್ತು ಕಡೆ ನೋಡಿ.

ಹಂತ 8: ಖಾನೆ ಮಾಡಿ ಗ್ರಾಫ್ ಹಾಕುವುದು

ತೂಕದ ಖಾನೆಗಳು ದುಪ್ಪಟ್ಟಾಗುತ್ತಾ ಹೋಗಲಿ: 1–2 ಗ್ರಾಂ, 2–4, 4–8, ಹೀಗೆ. ಪ್ರತಿ ಖಾನೆಯ ಒಟ್ಟು ತೂಕವನ್ನು ಖಾನೆಯ ಅಗಲದಿಂದ ಭಾಗಿಸಿ. ಯಾಕೆಂದರೆ 512–1024 ಗ್ರಾಂ ಖಾನೆ 1–2 ಗ್ರಾಂ ಖಾನೆಗಿಂತ 512 ಪಟ್ಟು ಅಗಲ. ಭಾಗಿಸದೆ ಹೋಲಿಸುವುದು ಸರಿಯಲ್ಲ ಅಲ್ವಾ? ಕೆಳಗಿನ ಅಂಕಿ ಲೆಕ್ಕ ತೋರಿಸಲು ನಾನೇ ಹಾಕಿಕೊಂಡದ್ದು, ಯಾವ ಕೆರೆಯದೂ ಅಲ್ಲ. ಒಂದು ಹೆಕ್ಟೇರಿನ ಮೀನು ಅಂದುಕೊಳ್ಳಿ.

| ಖಾನೆ (ಗ್ರಾಂ) | ಸಂಖ್ಯೆ | ಒಟ್ಟು ತೂಕ (ಗ್ರಾಂ) | ಅಗಲದಿಂದ ಭಾಗಿಸಿದಾಗ |
|---|---|---|---|
| 1–2 | 2400 | 3500 | 3500 |
| 2–4 | 1150 | 3300 | 1650 |
| 4–8 | 560 | 3200 | 800 |
| 8–16 | 270 | 3100 | 388 |
| 16–32 | 60 | 1300 | 81 |
| 512–1024 | 90 | 70,000 | 137 |

ಖಾನೆಯ ನಡುವಿನ ತೂಕದ ಲಾಗ್ ಅಡ್ಡಕ್ಕೆ, ಕೊನೆಯ ಕಾಲಮ್ಮಿನ ಲಾಗ್ ಉದ್ದಕ್ಕೆ ಹಾಕಿ. ಮೊದಲ ನಾಲ್ಕು ಚುಕ್ಕಿ ಚೊಕ್ಕವಾಗಿ ಒಂದು ಗೆರೆಯಲ್ಲಿವೆ, ಇಳಿಜಾರು ಸುಮಾರು −1.06. ಐದನೆಯದು ಗೆರೆಯಿಂದ ಕೆಳಗೆ ಬಿದ್ದಿದೆ. ಕೊನೆಯದು ಗೆರೆ ಹೇಳುವುದಕ್ಕಿಂತ 30 ಪಟ್ಟು ಮೇಲಿದೆ. ಆ ಕೊನೆಯದು ಬಿತ್ತನೆ ಮಾಡಿ ಬೆಳೆಸಿದ ಕಾಟ್ಲಾ. ಒಂದೇ ದಿನ ಬಿಟ್ಟ ಮರಿಗಳು ಒಟ್ಟಿಗೆ ಬೆಳೆದು ಒಂದೇ ಖಾನೆಯಲ್ಲಿ ಕೂತಿವೆ. ಆರೂ ಚುಕ್ಕಿಗೆ ಸೇರಿಸಿ ಒಂದೇ ಗೆರೆ ಎಳೆದರೆ ಇಳಿಜಾರು ಚಪ್ಪಟೆಯಾಗಿ, "ದೊಡ್ಡ ಮೀನು ಚೆನ್ನಾಗಿವೆ, ಕೆರೆ ಆರೋಗ್ಯವಾಗಿದೆ" ಎಂಬ ತಪ್ಪು ಮಾತು ಹೊರಡುತ್ತದೆ. ಬಿತ್ತನೆ ಮೀನನ್ನು ಬೇರೆ ಬಣ್ಣದ ಚುಕ್ಕಿಯಲ್ಲಿ ತೋರಿಸಿ, ಗೆರೆಗೆ ಸೇರಿಸಬೇಡಿ.

ಹಂತ 9: ಇಳಿಜಾರು ಕಂಡುಹಿಡಿಯುವ ಇನ್ನೊಂದು ದಾರಿ

ಖಾನೆ ಮಾಡುವಾಗ ಎಲ್ಲಿಂದ ಶುರು ಮಾಡಿದಿರಿ ಎಂಬುದರ ಮೇಲೆ ಇಳಿಜಾರು ಅಷ್ಟಿಷ್ಟು ಬದಲಾಗುತ್ತದೆ. ಅದಕ್ಕೇ ಈಗ ಖಾನೆಯೇ ಇಲ್ಲದ ವಿಧಾನವನ್ನು ಹೆಚ್ಚಾಗಿ ಒಪ್ಪುತ್ತಾರೆ. 2017ರಲ್ಲಿ ಎಡ್ವರ್ಡ್ಸ್ ಮತ್ತು ಜೊತೆಯವರು ಚಾಲ್ತಿಯಲ್ಲಿದ್ದ ವಿಧಾನಗಳನ್ನು ಒಂದಕ್ಕೊಂದು ಹೋಲಿಸಿ ಇದನ್ನೇ ಶಿಫಾರಸು ಮಾಡಿದರು. ಕ್ಯಾಲ್ಕುಲೇಟರಿನಲ್ಲೇ ಮಾಡಬಹುದಾದ ಅದರ ಸರಳ ರೂಪ ಹೀಗಿದೆ. ಪ್ರತಿ ಪ್ರಾಣಿಯ ತೂಕವನ್ನು ನಿಮ್ಮ ಅತಿ ಕಡಿಮೆ ತೂಕದ ಮಿತಿಯಿಂದ ಭಾಗಿಸಿ, ಅದರ ಸಹಜ ಲಾಗ್ (ಕ್ಯಾಲ್ಕುಲೇಟರಿನ ಎಲ್‌ಎನ್ ಗುಂಡಿ) ತೆಗೆಯಿರಿ. ಎಲ್ಲದರ ಸರಾಸರಿ ಮಾಡಿ. ಒಂದನ್ನು ಆ ಸರಾಸರಿಯಿಂದ ಭಾಗಿಸಿ, ಒಂದು ಸೇರಿಸಿ, ಮುಂದೆ ಮೈನಸ್ ಹಾಕಿ.

ಮಿತಿ 2 ಮಿ.ಗ್ರಾಂ, ಏಳು ಹುಳುಗಳ ತೂಕ 2.1, 2.4, 3, 4, 5, 9, 20 ಅನ್ನಿ. ಲಾಗ್‌ಗಳ ಸರಾಸರಿ 0.865. ಉತ್ತರ −2.16. ಸರಾಸರಿ ಸರಿಯಾಗಿ 1 ಬಂದರೆ ಉತ್ತರ −2. ಇಲ್ಲಿನ −2ಕ್ಕೂ ಹಂತ 8ರ −1ಕ್ಕೂ ಜಗಳವಿಲ್ಲ, ಎರಡೂ ಒಂದೇ ಆಕಾರದ ಎರಡು ಲೆಕ್ಕ. ಹೋಲಿಸುವಾಗ ಈ ಹಂತದ ಉತ್ತರಕ್ಕೆ ಒಂದು ಸೇರಿಸಿಕೊಳ್ಳಿ. ಏಳು ಹುಳು ತೋರಿಸಲು ಮಾತ್ರ. ನಿಜದ ಕೆಲಸಕ್ಕೆ ಕೆಲವು ನೂರಾದರೂ ಬೇಕು. ಆರ್ ತಂತ್ರಾಂಶ ಬರುವವರಿಗೆ ಸೈಜ್‌ಸ್ಪೆಕ್ಟ್ರಾ ಎಂಬ ಪ್ಯಾಕೇಜ್ ಇದೆ. ಮೇಲ್ಮಿತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಈ ವಿಧಾನವನ್ನು ಪ್ಲವಕ, ಹುಳು, ಮೀನು ಮೂರಕ್ಕೂ ಬೇರೆ ಬೇರೆಯಾಗಿ ಮಾಡಿ. ಸೇರಿಸಿ ಮಾಡಿದರೆ ಸಂಖ್ಯೆಯಲ್ಲಿ ಪ್ಲವಕವೇ ಎಲ್ಲವನ್ನೂ ನುಂಗಿಬಿಡುತ್ತದೆ.

ಹಂತ 10: ಗ್ರಾಫ್ ಓದುವುದು

ಗುಡ್ಡವೋ ಹಳ್ಳವೋ ಕಂಡ ಕೂಡಲೇ ಮೊದಲ ಅನುಮಾನ ಬಲೆಯ ಮೇಲಿರಲಿ. ಹಳ್ಳ ಇರುವುದು ಎರಡು ಸಲಕರಣೆಗಳು ಸೇರುವ ಜಾಗದಲ್ಲಾ? ಹಾಗಿದ್ದರೆ ಅದು ಬಹುಪಾಲು ನಿಮ್ಮದೇ. ನನ್ನ ಪಟ್ಟಿಯ 16–32 ಗ್ರಾಂ ಖಾನೆಯನ್ನೇ ತೆಗೆದುಕೊಳ್ಳಿ. ಡ್ರಮ್ಮಿನಿಂದ ತಪ್ಪಿಸಿಕೊಳ್ಳುವಷ್ಟು ದೊಡ್ಡದು, ಮಾರಾಟದ ಬಲೆಯಲ್ಲಿ ನುಸುಳುವಷ್ಟು ಸಣ್ಣದು. ಸಣ್ಣ ಕಣ್ಣಿನ ಬೀಸುಬಲೆ ತೆಗೆದುಕೊಂಡು ಮತ್ತೆ ಹೋಗಬೇಕು. ಆಗಲೂ ಹಳ್ಳ ಉಳಿದರೆ ಕೆರೆಯ ಮಾತು ಶುರು. ಆ ಗಾತ್ರವನ್ನು ಕೊರಮವೋ ನೀರುಕಾಗೆಯೋ ಹೆಕ್ಕಿ ತಿನ್ನುತ್ತಿರಬಹುದು.

ಪ್ಲವಕದಲ್ಲಿ ಒಂದು ಮಿ.ಮೀ.ಗಿಂತ ದೊಡ್ಡವು ಕಾಣೆಯಾಗಿ ಅರ್ಧ ಮಿ.ಮೀ.ಗಿಂತ ಸಣ್ಣವು ತುಂಬಿದ್ದರೆ ಪ್ಲವಕ ತಿನ್ನುವ ಮೀನು ಜೋರಾಗಿದೆ ಎಂದು ಅನುಮಾನಿಸಿ. ಆದರೆ ನಮ್ಮಂಥ ಬಿಸಿ ಪ್ರದೇಶದ ನೀರಿನಲ್ಲಿ ದೊಡ್ಡ ಡ್ಯಾಫ್ನಿಯಾ ಮೊದಲೇ ಕಡಿಮೆ. ಹಾಗಾಗಿ ಕನೆಕ್ಟಿಕಟ್ಟಿನ ಅಂಕಿಯ ಜೊತೆ ಹೋಲಿಸದೆ ಪಕ್ಕದ ಮೀನಿಲ್ಲದ ಹೊಂಡದ ಜೊತೆ ಹೋಲಿಸಿ. ಬಂಡೆ ಮೇಲೆ ಮಳೆಗಾಲದಲ್ಲಿ ನಿಲ್ಲುವ ನೀರನ್ನು ಒಮ್ಮೆ ನೋಡಿ. ಮೀನು ಇಲ್ಲದ ಕಾರಣ ಅಲ್ಲಿ ಫೇರಿ ಶ್ರಿಂಪ್ ಎಂಬ, ಬೆರಳಿನ ಅಗಲದಷ್ಟು ಉದ್ದದ, ನಿಧಾನವಾಗಿ ಈಜುವ ಪ್ರಾಣಿಗಳು ಆರಾಮವಾಗಿರುತ್ತವೆ. ಕೆರೆಯಲ್ಲಾದರೆ ಮೀನಿನ ಕಣ್ಣು ತಪ್ಪಿಸಿ ಬಹಳ ದಿನ ಬದುಕಲಾರವು.

ಮೀನಿನ ಭಾಗದಲ್ಲಿ ಇಳಿಜಾರು ಕಡಿದಾಗುತ್ತಾ ಹೋದರೆ ದೊಡ್ಡವನ್ನು ವಿಪರೀತ ಹಿಡಿಯುತ್ತಿರುವುದು ಒಂದು ಕಾರಣ. ಉತ್ತರ ಸಮುದ್ರದಲ್ಲಿ ದಶಕಗಳ ಟ್ರಾಲಿಂಗ್ ಲೆಕ್ಕದಲ್ಲಿ ಹೀಗೇ ಕಂಡಿದೆ. ಇಡೀ ಸಾಗರದ ಲೆಕ್ಕ ಹಾಕಿದ 2021ರ ಅಧ್ಯಯನವೊಂದರ ಪ್ರಕಾರ 1850ಕ್ಕೆ ಮೊದಲು ಸಮುದ್ರದಲ್ಲಿ ಗಾತ್ರ ಹತ್ತು ಪಟ್ಟಾದಂತೆಲ್ಲ ಒಟ್ಟು ತೂಕ ಹೆಚ್ಚು ಕಡಿಮೆ ಒಂದೇ, ಸುಮಾರು ನೂರು ಕೋಟಿ ಟನ್. ಈಗ 10 ಗ್ರಾಂಗಿಂತ ದೊಡ್ಡ ಮೀನು ಮತ್ತು ಸಮುದ್ರದ ಸಸ್ತನಿಗಳ ಕಡೆ ಅದು ಬಹಳವಾಗಿ ಕುಸಿದಿದೆ. ಕೆರೆಯಲ್ಲಿ ಇದೇ ಆಕಾರ ಜಿಲೇಬಿಯಿಂದಲೂ ಬರಬಹುದು. ಜಿಲೇಬಿ ಕಿಕ್ಕಿರಿದ ಕಡೆ ಬೆಳೆಯುವುದು ಬಿಟ್ಟು, ಸಣ್ಣದಿದ್ದಾಗಲೇ ಮರಿ ಹಾಕಲು ಶುರು ಮಾಡುತ್ತದೆ. ಆಗ ಸಣ್ಣ ಖಾನೆಗಳು ತುಂಬಿ ತುಳುಕುತ್ತವೆ. ಗಾತ್ರಪಟ್ಟಿಗೆ ಜಾತಿ ಬೇಡ ಅಂದೆನಲ್ಲ, ಇಲ್ಲಿ ಮಾತ್ರ ಬೇಕು. ಮೀನಿನ ಹೆಸರನ್ನಾದರೂ ಅಳತೆಯ ಪಕ್ಕ ಬರೆದುಕೊಳ್ಳಿ.

ಬಿಸಿಲೂ ಒಂದು ಕಾರಣ. ನೀರು ಬಿಸಿಯಾದರೆ ಎಷ್ಟೋ ಶೀತರಕ್ತದ ಪ್ರಾಣಿಗಳು ಬೇಗ ಬೆಳೆದು ಸಣ್ಣದಾಗಿಯೇ ನಿಲ್ಲುತ್ತವೆ. 2009ರಲ್ಲಿ ಯುರೋಪಿನ ನೀರುಗಳ ಬಗ್ಗೆ ಬಂದ ಡೊಫ್ರೇನ್ ಮತ್ತು ಜೊತೆಯವರ ಅಧ್ಯಯನ ಇದನ್ನೇ ತೋರಿಸಿತು. ಆದರೆ ಬೇಸಿಗೆಯ ಕೆರೆಯಲ್ಲಿ ನೀರು ಇಳಿಯುವುದು, ಮೀನು ಹಿಡಿಯುವುದು, ಪಾಚಿ ಏರುವುದು ಎಲ್ಲ ಒಟ್ಟಿಗೆ ನಡೆಯುತ್ತವೆ. ಒಂದೇ ಬೇಸಿಗೆಯ ಅಳತೆಯಿಂದ ಬಿಸಿಲಿನ ಪಾಲನ್ನು ಬೇರೆ ಮಾಡಲಾಗದು.

ಕೆರೆ ತುಂಬಿದ ಮೇಲೆ ಮರಿ ಬಿಡುವ ಮುಂಚೆ ಒಂದು ಸಲ, ಬಿಟ್ಟು ಎರಡು ಮೂರು ತಿಂಗಳಿಗೆ ಒಂದು ಸಲ, ಎಳೆಬಲೆಯ ದಿನ ಒಂದು ಸಲ, ಹೀಗೆ ವರ್ಷಕ್ಕೆ ಮೂರು ಪಟ್ಟಿ ಇದ್ದರೆ ಹೋಲಿಸಲು ಚೆನ್ನಾಗಿರುತ್ತದೆ. ಪ್ರತಿ ಸಲವೂ ಅದೇ ಬಲೆ, ಅದೇ ಹೊತ್ತು, ಅದೇ ಜಾಗ. ಆಳವನ್ನು ಮಾತ್ರ ಹೊಸದಾಗಿ ಅಳೆಯಿರಿ. ನೀರು ಅರ್ಧಕ್ಕೆ ಇಳಿದಾಗ ಅಷ್ಟೇ ಮೀನು ಅರ್ಧ ಜಾಗದಲ್ಲಿ ಕಿಕ್ಕಿರಿಯುತ್ತವೆ, ಹೆಕ್ಟೇರ್ ಲೆಕ್ಕ ತಾನಾಗಿ ದುಪ್ಪಟ್ಟು ಕಾಣುತ್ತದೆ. ಪ್ಲವಕದ ಬಾಟಲಿಗಳ ಮೇಲೆ ಕೆರೆಯ ಹೆಸರು, ತಾರೀಖು, ಎಷ್ಟು ಲೀಟರ್, ಯಾವ ಕಣ್ಣಿನ ಬಲೆ ಎಂದು ಪೆನ್ಸಿಲ್‌ನಲ್ಲಿ ಚೀಟಿ ಬರೆದು ಬಾಟಲಿಯ ಒಳಗೇ ಹಾಕಿ. ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ, ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ.